ಹೊಟ್ಟೆ ಉರಿ ಇಲ್ಲವೆಂದು ಡಾಕ್ಟರು ಬರೆದುಕೊಟ್ಟದ್ದು

ನನ್ನ ಹೊಟ್ಟೆಯಲ್ಲಿ ಉರಿ ಇಲ್ಲ ಎಂದು ಅಮೆರಿಕದ ಡಾಕ್ಟರೊಬ್ಬರು ಲೆಟರ್‌ಹೆಡ್ಡಿನ ಮೇಲೆ ಸಹಿ ಮಾಡಿ ಕೊಟ್ಟ ಪತ್ರ ನನ್ನ ಹತ್ತಿರ ಇದೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಅಂಥದ್ದು ಇದ್ದರೆ ಹೇಳಿ, ನೋಡೋಣ. ನೆಂಟರ ಗೃಹಪ್ರವೇಶಕ್ಕೆ ಹೋಗುವಾಗ ಕೊರಳಿಗೆ ನೇತುಹಾಕಿಕೊಂಡು ಹೋಗಬಹುದಾದ ದಾಖಲೆ ಅದು. ಮೊನ್ನೆ ನಾನು ಓದುವ ಊರಾದ ಆನ್ ಆರ್ಬರಿನಲ್ಲಿ ರೂಮು ಬದಲಿಸುವಾಗ ಕಾರಿನ ಇನ್ಶೂರೆನ್ಸ್ ಕಾಗದ ಹುಡುಕುತ್ತಿದ್ದೆ. ಅದು ಸಿಗಲಿಲ್ಲ, ಇದು ಸಿಕ್ಕಿತು. ಇನ್ಶೂರೆನ್ಸ್ ಕಾಗದ ಕಾರಿನಲ್ಲೇ ಇತ್ತು ಅನ್ನುವುದು ಮೂರು ಗಂಟೆಗಳ ನಂತರ ಗೊತ್ತಾಯಿತು. ಆದರೆ ಆ ಮೂರು ಗಂಟೆಯಲ್ಲಿ ನಾನು ಹುಡುಕಿದ್ದು ಕಡಿಮೆ, ನೆಲದ ಮೇಲೆ ಕೂತು ಈ ಪತ್ರ ಓದಿಕೊಂಡದ್ದೇ ಹೆಚ್ಚು.

ಪತ್ರದಲ್ಲಿರುವುದು ಶುದ್ಧ ಸುಳ್ಳು. ಡಾಕ್ಟರದ್ದೇನೂ ತಪ್ಪಿಲ್ಲ ಬಿಡಿ. ಅವರು ಗಂಟಲಿನಿಂದ ಕೊಳವೆ ಇಳಿಸಿ ನೋಡಿದ್ದು ಹೊಟ್ಟೆಯ ಗೋಡೆಗಳನ್ನು. ಗೋಡೆಗಳು ಚೆನ್ನಾಗಿಯೇ ಇದ್ದವು.

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ಹುಟ್ಟು ಪ್ರತಿಭಾವಂತ. ಮೈಸೂರಿನಿಂದ ಶಿಕಾಗೋ ಪಕ್ಕದ ವೆಸ್ಟ್‌ಮಂಟಿಗೆ ಬಂದಾಗ ನನಗೆ ಐದು ವರ್ಷ. ಆ ಮೊದಲ ಚಳಿಗಾಲದಲ್ಲಿ ಅಮ್ಮ ತುಳಸಿ ಕುಂಡವನ್ನು ಒಳಗೆ ತಂದಳು. ಬಿಸಿಲಿನ ಬದಲಿಗೆ ಅದಕ್ಕೆ ಅಂತಲೇ ನೇರಳೆ ಬಣ್ಣದ ಒಂದು ಲೈಟು ಬಂತು. ಕುಂಡ ತಣ್ಣಗಾಗದಿರಲಿ ಎಂದು ಸುತ್ತ ನನ್ನ ಸ್ವೆಟರನ್ನೇ ಸುತ್ತಿದಳು. ಅದು ನನಗೆ ಚಿಕ್ಕದಾಗಿತ್ತು, ನಿಜ. ಆದರೂ ಕೇಳುವ ಕ್ರಮ ಅಂತ ಒಂದಿರುತ್ತದಲ್ಲ. ಒಂದು ಬೆಳಿಗ್ಗೆ ಅಮ್ಮ ನೋಡುತ್ತಾಳೆ, ನಾನು ತುಳಸಿ ಪಕ್ಕದಲ್ಲಿ ಚಡ್ಡಿ ಹಾಕಿಕೊಂಡು ಕೈ ಮೇಲೆತ್ತಿ ನಿಂತಿದ್ದೇನೆ.

"ಏನೋ ಮಾಡ್ತಿದೀಯ ಇಲ್ಲಿ?"

"ನಂಗೂ ಲೈಟ್ ಹಾಕು."

ಈ ಕಥೆಯನ್ನು ಅಮ್ಮ ಮುಂದಿನ ಹದಿನೇಳು ವರ್ಷ, ಎಲ್ಲರೂ ಒಂದೊಂದು ಅಡುಗೆ ತರುವ ಎಲ್ಲ ಪಾಟ್‌ಲಕ್‌ಗಳಲ್ಲೂ ಹೇಳಿದ್ದಾಳೆ. ತುಳಸಿಯ ನಂತರ ನಾನು ಅಪ್ಪನ ಜಿಪಿಎಸ್ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ನಾನು ಹತ್ತು ಸಲ ಕರೆದರೂ ತಿರುಗದ ಅಪ್ಪ ಆ ಹೆಂಗಸು "ಎಡಕ್ಕೆ ತಿರುಗಿ" ಅಂದರೆ ತಕ್ಷಣ ತಿರುಗುತ್ತಿದ್ದರು. ಒಬ್ಬನೇ ಮಗನಿಗೆ ಬೇರೆ ಪ್ರತಿಸ್ಪರ್ಧಿಗಳು ಇರುವುದಿಲ್ಲ ನೋಡಿ, ಸಿಕ್ಕಿದ್ದರಲ್ಲೇ ಸುಧಾರಿಸಿಕೊಳ್ಳಬೇಕು.

ಹತ್ತನೇ ವಯಸ್ಸಿನಲ್ಲಿ ನಾಯಿ ಬೇಕು ಅಂತ ಹಟ ಹಿಡಿದೆ. "ಇನ್ನೊಂದು ಜೀವ ನೋಡ್ಕೊಳ್ಳೋದು ನನ್ ಕೈಲಾಗಲ್ಲ ಚೇತು, ನಿನ್ನೊಬ್ಬನ್ನ ನೋಡ್ಕೊಳ್ಳೋದೇ ಸಾಕಾಗಿದೆ" ಅಂದಳು ಅಮ್ಮ. ನಾನು ಅದನ್ನು ನನ್ನ ಪರವಾದ ತೀರ್ಪು ಎಂದೇ ತಿಳಿದು ಸುಮ್ಮನಾದೆ. ಇನ್ನೊಂದು ಜೀವ ಬರುವುದಿಲ್ಲ, ಇರುವುದೆಲ್ಲ ನನಗೇ. ಕಡೆಯ ಚಕ್ಕುಲಿ, ಟಿವಿ ನೋಡುವಾಗ ಅಮ್ಮನ ತೊಡೆ, ಎಲ್ಲ.

ಒಂಬತ್ತು ವರ್ಷ ಈ ತೀರ್ಪು ಜಾರಿಯಲ್ಲಿತ್ತು. ಆಮೇಲೊಂದು ಶನಿವಾರ ಬೆಳಿಗ್ಗೆ, ಉಪ್ಪಿಟ್ಟಿನ ಮುಂದೆ ಅಪ್ಪ ಗಂಟಲು ಸರಿಮಾಡಿಕೊಂಡರು. "ಚೇತು, ಒಂದು ವಿಷ್ಯ. ನಾವು ಅಡಾಪ್ಷನ್‌ಗೆ ಅಪ್ಲೈ ಮಾಡಿದೀವಿ."

ನನಗೆ ಹತ್ತೊಂಬತ್ತು ವರ್ಷ. ಖುಷಿಯಿಂದ ಎದ್ದು ನಿಂತೆ. "ನಾಯಿನಾ?"

"ಇಂಡಿಯಾದಿಂದ," ಅಂದರು ಅಪ್ಪ, ನಾನು ಹೇಳಿದ್ದು ಕೇಳಿಸದೆ.

"ಅಷ್ಟು ದೂರದಿಂದ ಯಾಕೆ? ಇಲ್ಲೇ ನಾಯಿ ಶೆಲ್ಟರ್ ಇದೆಯಲ್ಲ."

ಅಮ್ಮನ ಕೈಯ ಸೌಟು ಅಲ್ಲೇ ನಿಂತಿತು. "ಮಗು ಕಣೋ," ಅಂದಳು. "ಹೆಣ್ಣು ಮಗು."

ನಿಮಗೆ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ಅಮ್ಮನಿಗೆ ಅನ್ಯಾಯವಾಗುತ್ತದೆ. ನಾನು ಹುಟ್ಟಿದ ಮೇಲೆ ಅಮ್ಮ ಎರಡು ಸಲ ಆಸ್ಪತ್ರೆಗೆ ಹೋಗಿ ಬರಿಗೈಯಲ್ಲಿ ಬಂದಿದ್ದಳು. ಎರಡನೆಯ ಸಲ ನನಗೆ ಎಂಟು ವರ್ಷ. ಆ ವಾರದ ಬಗ್ಗೆ ನನಗೆ ನೆನಪಿರುವುದು ಇಷ್ಟೇ: ಪಕ್ಕದ ಮನೆಯವರು ದಿನಾ ಒಂದು ದೊಡ್ಡ ತಟ್ಟೆ ಮ್ಯಾಕ್ ಆ್ಯಂಡ್ ಚೀಸ್ ತಂದುಕೊಡುತ್ತಿದ್ದರು ಮತ್ತು ನಾನು ತುಂಬಾ ಸಂತೋಷವಾಗಿದ್ದೆ. ಅಮ್ಮ ರೂಮಿನಿಂದ ಆಚೆ ಬರುತ್ತಿರಲಿಲ್ಲ ಅನ್ನುವುದು ದೊಡ್ಡವನಾದ ಮೇಲೆ ಹೊಳೆಯಿತು.

ಸರಿ, ಪತ್ರದ ಕಥೆಗೆ ಬರುತ್ತೇನೆ. ದತ್ತು ತೆಗೆದುಕೊಳ್ಳುವ ಮುಂಚೆ ಮನೆ ಹೇಗಿದೆ, ಮನೆಯವರು ಹೇಗಿದ್ದಾರೆ ಎಂದು ನೋಡಿ ವರದಿ ಬರೆಯಲು ಸೋಶಿಯಲ್ ವರ್ಕರ್ ಬರುತ್ತಾರೆ. ನಮ್ಮ ಮನೆಗೆ ಬಂದವರು ಮಿಸ್ ಕ್ಯಾರೊಲ್. ಅಮ್ಮ ಎರಡು ದಿನ ಮುಂಚಿನಿಂದ ಒಗ್ಗರಣೆಯನ್ನೇ ಹಾಕಿರಲಿಲ್ಲ, ಮನೆ ವಾಸನೆ ಬರಬಾರದು ಅಂತ. ಅಪ್ಪ ಹೊಗೆ ಅಲಾರಮ್ಮಿನ ಬ್ಯಾಟರಿ ಬದಲಿಸಿದ್ದಲ್ಲದೆ, ಅದರ ಪ್ರಾತ್ಯಕ್ಷಿಕೆ ಕೊಡಲೂ ಸಿದ್ಧರಾಗಿ ಸ್ಟೂಲಿನ ಪಕ್ಕವೇ ನಿಂತಿದ್ದರು. ನಾನು ಹದಿನೆಂಟು ದಾಟಿದ್ದರಿಂದ ನನ್ನ ಬೆರಳಚ್ಚೂ ಬೇಕಿತ್ತು, ನನ್ನ ಜೊತೆ ಬೇರೆಯಾಗಿ ಮಾತೂ ಆಡಬೇಕಿತ್ತು.

ನಮ್ಮಿಬ್ಬರನ್ನೇ ಕೂರಿಸಿ ಅಮ್ಮ ಬಾಗಿಲೆಳೆದುಕೊಂಡು ಹೋದಳು. ಮಿಸ್ ಕ್ಯಾರೊಲ್ ಮೃದುವಾಗಿ, ತಂಗಿ ಬರುತ್ತಾಳೆ ಅಂದಾಗ ನಿನಗೆ ಏನನ್ನಿಸುತ್ತದೆ ಎಂದು ಕೇಳಿದರು. ತಲೆ ಓಡುವ ಮುಂಚೆ ಬಾಯಿ ಓಡುವ ಕಾಯಿಲೆ ನನಗೆ. ಹೊಟ್ಟೆ ಉರಿಯುತ್ತದೆ ಅನ್ನುವುದನ್ನು ಪದಕ್ಕೆ ಪದ ಇಂಗ್ಲಿಷಿಗೆ ಇಳಿಸಿಬಿಟ್ಟೆ. "ಮೈ ಸ್ಟಮಕ್ ಬರ್ನ್ಸ್."

ಆ ಜೋಕಿಗೆ ನಾನೊಬ್ಬನೇ ನಕ್ಕೆ. ಮಿಸ್ ಕ್ಯಾರೊಲ್ ಪೆನ್ನು ತೆಗೆದರು.

"ಎಷ್ಟು ದಿನದಿಂದ?"

ಇಲ್ಲಿಗೆ ನಿಲ್ಲಿಸಬಹುದಿತ್ತು. "ಇವರು ಅಪ್ಲೈ ಮಾಡಿದಾಗಿನಿಂದ," ಅಂದೆ.

"ಊಟ ಆದ ಮೇಲೆ ಹೆಚ್ಚಾಗುತ್ತಾ?"

"ಅಮ್ಮ ಅವಳ ವಿಷಯ ತೆಗೆದಾಗ ಹೆಚ್ಚಾಗುತ್ತೆ. ನಮ್ಮಮ್ಮ ಊಟಕ್ಕೆ ಕೂತಾಗಲೇ ತೆಗೆಯೋದು. ಹಾಗೆ ನೋಡಿದರೆ ಹೌದು, ಊಟ ಆದ ಮೇಲೆ."

ಅವರು ಬರೆದುಕೊಳ್ಳುತ್ತಲೇ ಹೋದಾಗ ನನಗೆ ಭಯವಾಯಿತು. ಇಲ್ಲ ಇಲ್ಲ, ತಮಾಷೆಗೆ ಹೇಳಿದ್ದು, ನಮ್ಮ ಭಾಷೆಯಲ್ಲಿ ಅದಕ್ಕೆ ಬೇರೆ ಅರ್ಥ, ನನಗೇನೂ ಆಗಿಲ್ಲ ಎಂದೆ. ಅವರು ಕರುಣೆಯಿಂದ ತಲೆಯಾಡಿಸಿದರು. ಹತ್ತು ದಿನದ ನಂತರ ವರದಿಯ ಕರಡು ಬಂತು. ಮಗನಿಗೆ ಬಹುಕಾಲದ ಹೊಟ್ಟೆಯ ತೊಂದರೆ ಇದೆ, ತಜ್ಞರ ಪತ್ರ ಬರುವವರೆಗೆ ವರದಿ ಪೂರ್ತಿಯಾಗುವುದಿಲ್ಲ ಎಂದಿತ್ತು. ಜೊತೆಗೆ ಒಂದು ಸಾಲು: ರೋಗಲಕ್ಷಣಗಳನ್ನು ಮುಚ್ಚಿಡುವ ಸ್ವಭಾವ.

ಅಮ್ಮ ಅದನ್ನು ಅಡುಗೆಮನೆಯಲ್ಲಿ ನಿಂತು ಎರಡು ಸಲ ಓದಿದಳು.

"ಏನು ಹೇಳ್ದೆ ನೀನು ಅವ್ರ ಹತ್ರ?"

"ಹೊಟ್ಟೆ ಉರಿಯುತ್ತೆ ಅಂದೆ."

"ಕನ್ನಡದಲ್ಲಾ?"

"ಇಂಗ್ಲಿಷ್‌ನಲ್ಲಿ."

ಅಪ್ಪ ಫಕ್ಕನೆ ನಕ್ಕು, ಅಮ್ಮನ ಮುಖ ನೋಡಿ, ನಗುವನ್ನು ಕೆಮ್ಮಾಗಿ ಬದಲಿಸಿದರು. ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಗದವನ್ನು ಮಡಿಸಿಟ್ಟು, ಕೈ ಒರೆಸಿಕೊಂಡು ಕೇಳಿದಳು: "ಚೇತು, ನಿಂಗೆ ನಿಜವಾಗ್ಲೂ ಹಂಗನ್ಸುತ್ತಾ? ಅನ್ಸಿದ್ರೆ ಈಗ್ಲೇ ಹೇಳು. ನಿಲ್ಲಿಸ್ಬಿಡೋಣ. ನಿಂಗೆ ಬೇಜಾರು ಮಾಡ್ಕೊಂಡು ನಂಗೇನೂ ಬೇಡ."

ಅದನ್ನು ಹೇಳುವಾಗ ಅವಳ ಕೈ ಟವಲನ್ನು ಬಿಟ್ಟಿರಲಿಲ್ಲ. ನಾನು ಹೂಂ ಅಂದರೆ ಮಗು ಬರುವುದಿಲ್ಲ. ಒಂದೇ ಅಕ್ಷರದ ಕೆಲಸ. ಹೂಂ ಅನ್ನುವ ಆಸೆ ನನಗೆ ಎಷ್ಟಿತ್ತು ಅನ್ನುವುದನ್ನು ನಿಮ್ಮೊಬ್ಬರಿಗೆ ಹೇಳುತ್ತಿದ್ದೇನೆ.

"ಇಲ್ಲಮ್ಮ, ಸುಮ್ನೆ ಜೋಕ್ ಮಾಡಿದ್ದು," ಎಂದೆ.

ಆ ಜೋಕಿಗೆ ನಾನು ತೆತ್ತದ್ದು ಹೀಗೆ. ಹೊಟ್ಟೆಯ ಡಾಕ್ಟರ್ ಅಪಾಯಿಂಟ್‌ಮೆಂಟಿಗೆ ಆರು ವಾರ ಕಾದದ್ದು, ಒಂದು ತಿಂಗಳು ಮಾತ್ರೆ ನುಂಗಿದ್ದು, ಕೊನೆಗೆ ಕೊಳವೆಯನ್ನೇ ನುಂಗಿದ್ದು. ಪತ್ರ ಕೈಗೆ ಬರುವಷ್ಟರಲ್ಲಿ ಮಿಸ್ ಕ್ಯಾರೊಲ್ ರಜೆಯಲ್ಲಿದ್ದರು. ಒಟ್ಟು ಐದು ತಿಂಗಳು. ಆಗ ಅಪ್ಪ ಒಂದು ವಿಷಯ ತಿಳಿಸಿದರು. ವರದಿ ಇಂಡಿಯಾದವರ ಕೈ ಸೇರಿದ ದಿನದಿಂದ ನಮ್ಮ ಸರದಿ ಲೆಕ್ಕಕ್ಕೆ ಬರುತ್ತದಂತೆ. ಅಂದರೆ ನಾನು ನಮ್ಮ ಮನೆಯನ್ನು ಕ್ಯೂನಲ್ಲಿ ಐದು ತಿಂಗಳು ಹಿಂದಕ್ಕೆ ತಳ್ಳಿದ್ದೆ. ಸಿನಿಮಾ ಟಿಕೆಟಿನ ಕ್ಯೂನಲ್ಲೂ ನನ್ನಿಂದ ಇಷ್ಟು ಅನಾಹುತವಾಗಿರಲಿಲ್ಲ.

ಆಮೇಲೆ ಶುರುವಾಯಿತು ನಿಜವಾದ ಕಾಯುವಿಕೆ. ಒಂದು ವರ್ಷ, ಎರಡು ವರ್ಷ. ಅಪ್ಪ ದಿನಾ ಬೆಳಿಗ್ಗೆ ಕಾಫಿ ಹಿಡಿದು ಕಂಪ್ಯೂಟರಿನಲ್ಲಿ ನಮ್ಮ ನಂಬರ್ ನೋಡುತ್ತಿದ್ದರು, ಕ್ರಿಕೆಟ್ ಸ್ಕೋರು ನೋಡಿದ ಹಾಗೆ. ಅಮ್ಮನ ಕ್ಯಾಲೆಂಡರಿನಲ್ಲಿ ತಿಂಗಳುಗಳೇ ಇಲ್ಲವಾಗಿ "ಅವಳು ಬಂದ್ಮೇಲೆ" ಅನ್ನುವ ಒಂದೇ ಕಾಲ ಉಳಿಯಿತು. ಸೋಫಾ ಅವಳು ಬಂದ್ಮೇಲೆ. ಡಿಸ್ನಿ ಅವಳು ಬಂದ್ಮೇಲೆ. ಹತ್ತು ವರ್ಷ ನಾನು ಡಿಸ್ನಿ ಅಂತ ಬಡಕೊಂಡಿದ್ದೆ. ಆಗ ನನಗೆ ಸಿಕ್ಕಿದ್ದು ಮಿಲ್ವಾಕಿಯ ಮೃಗಾಲಯ. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಲೆಂದು ಆನ್ ಆರ್ಬರಿಗೆ ಹೊರಟ ವಾರವೇ ನನ್ನ ರೂಮಿನ ನೀಲಿ ಗೋಡೆಗೆ ಹಳದಿ ಬಣ್ಣ ಬಿತ್ತು. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಬಂದಾಗ ನಾನು ಮಲಗಿದ್ದು ಬೇಸ್‌ಮೆಂಟಿನಲ್ಲಿ, ಟ್ರೆಡ್‌ಮಿಲ್ ಪಕ್ಕ. ಇನ್ನೂ ಹುಟ್ಟಿದ್ದಾಳೋ ಇಲ್ಲವೋ ಗೊತ್ತಿಲ್ಲದ ಹುಡುಗಿಯ ಮಂಚ ಮೇಲೆ ಖಾಲಿ ಇತ್ತು.

"ಅಲ್ಲಿ ಮಲಗ್ಲಾ?" ಎಂದು ಕೇಳಿದೆ.

"ಶೀಟು ಹೊಸದು ಕಣೋ," ಅಂದಳು ಅಮ್ಮ.

ಮೂರನೆಯ ವರ್ಷ ಫೋಟೋ ಬಂತು. ಉತ್ತರ ಕರ್ನಾಟಕದ ಒಂದು ಊರಿನ ಶಿಶುಗೃಹದಿಂದ. ನಾಲ್ಕು ವರ್ಷದ ಹುಡುಗಿ, ಎರಡು ಜಡೆ, ಕ್ಯಾಮೆರಾದವನ ಮೇಲೆ ಏನೋ ಹಳೆಯ ಸಿಟ್ಟಿದ್ದಂಥ ನೋಟ. ಹೆಸರು ಗೌರಿ. ಅಲ್ಲಿ ಎಲ್ಲರೂ ಕರೆಯುವುದು ಗೌರವ್ವ ಎಂದು. ಅಪ್ಪ ಫೋಟೋ ನೋಡುತ್ತ ನನ್ನನ್ನು ಸಮಾಧಾನ ಮಾಡಲು ಹೋದರು. "ನೋಡೋ, ನೀನು ಐದು ತಿಂಗ್ಳು ಲೇಟ್ ಮಾಡಿದ್ದಕ್ಕೇ ನಮಗೆ ಇವಳು ಸಿಕ್ಕಿದ್ದು."

"ಅದಕ್ಕೆ ಇವನಿಗೆ ಶಾಲು ಹೊದಿಸಿ ಸನ್ಮಾನ ಮಾಡೋಣ್ವಾ?" ಅಂದಳು ಅಮ್ಮ, ಫೋಟೋದಿಂದ ಕಣ್ಣು ಕೀಳದೆ. ಆ ಐದು ತಿಂಗಳನ್ನು ಅವಳು ಮರೆತಿಲ್ಲ ಅನ್ನುವುದು ನನಗೆ ಖಾತ್ರಿಯಾಯಿತು.

ಕೋರ್ಟಿನ ಆದೇಶಕ್ಕೆ ಇನ್ನೂ ತಿಂಗಳುಗಳಿದ್ದವು. ಅಲ್ಲಿಯವರೆಗೆ ಭಾನುವಾರ ಬೆಳಿಗ್ಗೆ, ಅಲ್ಲಿ ಸಂಜೆಯಾಗಿರುವಾಗ, ವಿಡಿಯೋದಲ್ಲಿ ಹತ್ತು ನಿಮಿಷ ಮಾತಾಡಬಹುದಿತ್ತು. ನಾನು ಆನ್ ಆರ್ಬರಿನಿಂದ ಸೇರಿಕೊಳ್ಳುತ್ತಿದ್ದೆ. ನಿಮಗೆ ಗೊತ್ತಿರಲಿ, ಕನ್ನಡ ನನ್ನ ಆಸ್ತಿ. ಇಲ್ಲಿ ಬೆಳೆದ ಮಕ್ಕಳೆಲ್ಲ ಅಪ್ಪ ಅಮ್ಮಂದಿರಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುವಾಗ ನಾನೊಬ್ಬ ಕನ್ನಡದಲ್ಲಿ ಉತ್ತರ ಕೊಟ್ಟು ಆಂಟಿಯರ ಕೈಯಿಂದ ಕೆನ್ನೆ ಹಿಂಡಿಸಿಕೊಂಡವನು. ರಾಜ್ಯೋತ್ಸವದ ಭಾಷಣಕ್ಕೆ ಮೂರು ವರ್ಷ ಸತತವಾಗಿ ಸ್ಟೀಲ್ ಡಬ್ಬಿ ಗೆದ್ದಿದ್ದೇನೆ. ಅಂಥ ನಾನು ಮೊದಲ ದಿನ ಪರದೆಯ ಮುಂದೆ ಗಡ್ಡ ನೀವಿಕೊಂಡು ಕೂತೆ. ಆ ಹುಡುಗಿ ನನ್ನನ್ನು ಅರ್ಧ ನಿಮಿಷ ನೋಡಿ, "ಕಾಕಾ, ನಿಮ್ಮ ಊರಾಗ ಥಂಡಿ ಐತೇನು?" ಅಂದಳು.

ಕಾಕಾ ಅಂದರೆ ಚಿಕ್ಕಪ್ಪ, ಥಂಡಿ ಅಂದರೆ ಚಳಿ; ಆದರೆ ನನಗೆ ಕೇಳಿಸಿದ್ದು ತಿಂಡಿ.

"ಓ, ಇದೆ! ಇಡ್ಲಿ, ದೋಸೆ, ಭಾನುವಾರ ಪ್ಯಾನ್‌ಕೇಕ್," ಎಂದೆ.

ಅವಳು ಹಿಂದೆ ತಿರುಗಿದಳು. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಆಯಾ ಶಾಂತಕ್ಕನಿಗೆ ದೊಡ್ಡ ದನಿಯಲ್ಲೇ ಹೇಳಿದಳು: "ಕಾಕಾಗ ಏನೂ ತಿಳಿಯಂಗಿಲ್ಲ."

ಶಾಂತಕ್ಕ ಸೆರಗು ಬಾಯಿಗೆ ಹಿಡಿದು ನಕ್ಕರು. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ದಿನದಿಂದ ಅಮ್ಮ ಪಾಟ್‌ಲಕ್‌ಗಳಲ್ಲಿ ತುಳಸಿಯ ಕಥೆ ಬಿಟ್ಟು ಥಂಡಿಯ ಕಥೆ ಹಿಡಿದಳು. ಆ ಕಥೆಯಲ್ಲಿ ಜಾಣೆ ಅವಳು, ಪೆದ್ದ ನಾನು. ನನ್ನ ಕಥೆಯ ಜಾಗವೂ ಹೋಯಿತು.

ಸೋಲೊಪ್ಪುವುದು ಹೇಗೆ? ಗ್ಲೆಂಡೇಲ್ ಹೈಟ್ಸಿನಲ್ಲಿರುವ ವಸಂತಾ ಆಂಟಿ ಹುಬ್ಬಳ್ಳಿಯವರು. ರಜೆಗೆ ಬಂದಾಗ ಅವರ ಮನೆಗೆ ಪಾಠಕ್ಕೆ ಹೋದೆ. ಅವರು ರೊಟ್ಟಿ ಬಡಿಯುತ್ತ, "ಬಾರಪಾ ಚೇತು. ತಂಗಿ ಬರಾಕತ್ತಾಳಂದ್ರ ನಿನ್ನ ಮಾರಿ ಯಾಕ ಹಿಂಗ ಇಳಿಬಿದ್ದೈತಿ?" ಎಂದರು.

"ಅವಳು ನನ್ನ ಕಾಕಾ ಅಂತಾಳೆ ಆಂಟಿ."

"ಮತ್ತ ಏನನಬೇಕು? ಕನ್ನಡಿ ನೋಡ್ಕೊಂಡಿಯೇನು? ಆ ಗಡ್ಡ ನೋಡಿದ್ರ ನಾನೂ ಕಾಕಾ ಅಂತೀನಿ."

ಅವರ ಹತ್ತಿರ ಕಲಿತದ್ದನ್ನು ಬರೆದಿಟ್ಟುಕೊಂಡು ಪ್ರತಿ ಭಾನುವಾರ ಒಪ್ಪಿಸುತ್ತಿದ್ದೆ. "ಗೌರವ್ವಾ, ಊಟಾ ಆತೇನು?" ಎಂದು ನಾನು ರಾಗ ಎಳೆದು ಕೇಳಿದರೆ ಅವಳಿಗೆ ನಗು. "ಇನ್ನೊಮ್ಮೆ ಅನು" ಎನ್ನುತ್ತಿದ್ದಳು. ಅಮ್ಮನನ್ನು, ಅಪ್ಪನನ್ನು ಬಿಟ್ಟು ಕಾಕಾ ಎಲ್ಲಿ ಎಂದು ಕೇಳಲು ಶುರುಮಾಡಿದಳು. ನಾನು ಅದನ್ನು ನಾಲ್ಕು ಸಲ ಅಮ್ಮನಿಗೆ ನೆನಪಿಸಿದೆ. ಅಮ್ಮನಿಗೂ ಒಂದು ಸಲ ಉರಿಯಲಿ ಎಂದು.

ಇದರ ನಡುವೆ ಯಾವಾಗಲೋ ನನ್ನ ಹೊಟ್ಟೆಕಿಚ್ಚು ನನಗೆ ಹೇಳದೆ ಪಕ್ಷ ಬದಲಿಸಿತು. ಒಂದು ಭಾನುವಾರ ಶಾಂತಕ್ಕ ಅವಳ ತಲೆ ಬಾಚುತ್ತಿದ್ದರು. ಗೌರವ್ವ ಬಾಚಣಿಗೆಯ ಜೊತೆ ಜೊತೆಗೇ ಹಿಂದಕ್ಕೆ ವಾಲಿ, ಅವರ ಎದೆಗೆ ಒರಗಿ, ಅರ್ಧ ಕಣ್ಣು ಮುಚ್ಚಿ ನಮ್ಮ ಜೊತೆ ಮಾತಾಡಿದಳು. ಆ ಹೆಂಗಸಿನ ಮೇಲೆ ನನಗೆ ಬಂದ ಸಿಟ್ಟು! ಪಾಪ, ಅವರು ಮಾಡಿದ ತಪ್ಪಾದರೂ ಏನು? ಅಲ್ಲಿದ್ದರು, ಅಷ್ಟೇ. ಇನ್ನೊಂದು ಭಾನುವಾರ ಜ್ವರ ಅಂತ ಕರೆ ಬರಲಿಲ್ಲ. ನಾನು ಅಮ್ಮನಿಗೆ ಫೋನ್ ಮಾಡಿ, ಎಷ್ಟು ಜ್ವರ, ಫ್ಯಾರನ್‌ಹೀಟಾ ಸೆಲ್ಸಿಯಸ್ಸಾ, ಡಾಕ್ಟರು ಬಂದಿದ್ದರಾ ಎಂದು ರೇಗಿದೆ. "ನಂಗೂ ಅಷ್ಟೇ ಗೊತ್ತಿರೋದು ಕಣೋ," ಅಂದಳು. ಆ ಐದು ತಿಂಗಳು ಇಲ್ಲದಿದ್ದರೆ ಜ್ವರದ ಹೊತ್ತಿಗೆ ಗೌರವ್ವ ಹಳದಿ ರೂಮಿನಲ್ಲಿ ಇರುತ್ತಿದ್ದಳೇನೋ ಎಂದು ನಾನು ಲೆಕ್ಕ ಹಾಕತೊಡಗಿದೆ. ಆ ಲೆಕ್ಕ ಆಮೇಲೆ ನನ್ನನ್ನು ಬಿಡಲಿಲ್ಲ.

ಕೊನೆಗೆ ಆದೇಶ ಬಂತು, ವೀಸಾ ಬಂತು. ಅಪ್ಪ ಅಮ್ಮ ಅವಳನ್ನು ಕರೆತರಲು ಹೋದರು. ನನಗೆ ಪರೀಕ್ಷೆ. ಅವರು ವಾಪಸ್ಸಾಗುವ ದಿನ ನಾನು ಆನ್ ಆರ್ಬರಿನಿಂದ ಶಿಕಾಗೋದ ಓಹೇರ್ ವಿಮಾನ ನಿಲ್ದಾಣಕ್ಕೆ ಒಂದೇ ಉಸಿರಿನಲ್ಲಿ ಡ್ರೈವ್ ಮಾಡಿಕೊಂಡು ಹೋದೆ. ಹೊರಡುವ ಮುಂಚೆ ಒಂದು ಘನಕಾರ್ಯ ಮಾಡಿದೆ. ಅಣ್ಣ ಅನ್ನಿಸಿಕೊಳ್ಳಲೇಬೇಕು ಎಂದು, ಮೂರು ವರ್ಷದ ಗಡ್ಡವನ್ನು ನುಣ್ಣಗೆ ಬೋಳಿಸಿದೆ. ಕನ್ನಡಿಯಲ್ಲಿ ಕಂಡವನು ಹದಿನಾರು ವರ್ಷದವನಂತಿದ್ದ, ಕೆಳಗಿನ ಅರ್ಧ ಮುಖ ಮಾತ್ರ ಸುಲಿದ ಬಾದಾಮಿಯ ಬಣ್ಣ.

ಅವರು ಗಾಜಿನ ಬಾಗಿಲಿನಿಂದ ಹೊರಗೆ ಬಂದರು. ಅಮ್ಮನ ಕೈ ಹಿಡಿದ ಗೌರವ್ವ, ಮಂಡಿಯ ಕೆಳಗೆ ಬರುವ ಕೆಂಪು ಜಾಕೆಟ್ಟಿನಲ್ಲಿ, ಫೋಟೋದ ಅದೇ ಸಿಟ್ಟಿನ ನೋಟ. ನಾನು ಮಂಡಿಯೂರಿ ಎರಡೂ ಕೈ ಚಾಚಿದೆ. ಅವಳು ನನ್ನನ್ನು ನೋಡಿದಳು, ನನ್ನ ಹಿಂದೆ ನೋಡಿದಳು, ಅಕ್ಕಪಕ್ಕ ನೋಡಿದಳು.

"ಅವ್ವಾ, ಕಾಕಾ ಎಲ್ಲಿ? ಕಾಕಾ ಬರತಾನ ಅಂದಿದ್ದಿ."

"ಇವನೇ ಪುಟ್ಟಿ."

"ಇವಾ ಅಲ್ಲ!" ಎಂದು ಅವಳು ಅಮ್ಮನ ಕೋಟಿನೊಳಗೆ ಮುಖ ಹುದುಗಿಸಿ ಅತ್ತಳು, ಬಂದವರೆಲ್ಲ ತಿರುಗಿ ನೋಡುವ ಹಾಗೆ. ಜೀವನದಲ್ಲಿ ನಾನು ತುಳಸಿ, ಜಿಪಿಎಸ್, ಆಯಾ, ಎಲ್ಲರ ಮೇಲೂ ಹೊಟ್ಟೆಕಿಚ್ಚು ಪಟ್ಟಿದ್ದೆ. ನನ್ನ ಮೇಲೆ ನಾನೇ ಪಟ್ಟದ್ದು ಅದೇ ಮೊದಲು. ಆ ಗಡ್ಡದವನಿಗಾಗಿ ಒಂದು ಹುಡುಗಿ ಅಳುತ್ತಿದ್ದಳು, ಆ ಪುಣ್ಯಾತ್ಮ ಬೆಳಿಗ್ಗೆ ಸಿಂಕಿನಲ್ಲಿ ಹರಿದು ಹೋಗಿದ್ದ.

"ಇವತ್ತೇ ಬೋಳಿಸ್ಬೇಕಿತ್ತೇನೋ?" ಅಂದರು ಅಪ್ಪ.

ಕಾರು ಓಡಿಸಿದ್ದು ನಾನು. ಅಪ್ಪ ಮುಂದೆ, ಅಮ್ಮ ಮತ್ತು ಅವಳು ಹಿಂದೆ. ಬಿಕ್ಕುವುದು ನಿಂತ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಕೇಳಿದೆ: "ಗೌರವ್ವಾ, ಊಟಾ ಆತೇನು?"

ಹಿಂದೆ ಜಾಕೆಟ್ಟು ಸರಿದ ಸದ್ದು. ಆಮೇಲೆ, "ಇನ್ನೊಮ್ಮೆ ಅನು."

ಅಂದೆ. ಅವಳು ಕೂತಲ್ಲಿಂದಲೇ ಕತ್ತು ಚಾಚಿ, ಕನ್ನಡಿಯಲ್ಲಿ ನನ್ನ ಕಣ್ಣನ್ನಷ್ಟೇ ನೋಡಿದಳು. "ಕಾಕಾ!" ಎಂದಳು. ಆ ಮೇಲೆ ಮಾತು ನಿಲ್ಲಲೇ ಇಲ್ಲ. ವಿಮಾನದಾಗ ಟಿವಿ ಇತ್ತು. ಇಲ್ಲಿ ಥಂಡಿ ಐತಿ. ಹೆದ್ದಾರಿಯಿಂದ ಆಗ್ಡನ್ ಎಗ್ಸಿಟ್ ಇಳಿದು ಕೆಂಪು ಸಿಗ್ನಲಿಗೆ ನಿಂತಾಗ ಮಾತು ಬೇರೆ ಕಡೆ ಹೊರಳಿತು.

"ಲಕ್ಷ್ಮೀನ ಕರಕೊಂಡು ಹೋದ್ರು," ಅಂದಳು. "ರೇಣುಕಾನೂ ಕರಕೊಂಡು ಹೋದ್ರು. ನಾ ಬಾಳ ದಿನಾ ಬಾಗಲದಾಗ ಕುಂತಿದ್ದೆ. ನೀವು ಯಾಕ ತಡಾ ಮಾಡಿದ್ರಿ?"

ಅಪ್ಪ ಕಿಟಕಿಯ ಕಡೆ ತಿರುಗಿಕೊಂಡರು. ಕನ್ನಡಿಯಲ್ಲಿ ಅಮ್ಮ ನನ್ನನ್ನು ನೋಡಿದಳು. ಒಂದೇ ಕ್ಷಣ.

"ದೂರ ಅಲ್ವಾ ಪುಟ್ಟಿ," ಅಂದಳು ಅಮ್ಮ. "ದಾರಿ ತುಂಬಾ ದೂರ."

ನಾನು ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ದಾರಿ ಅಲ್ಲ ಗೌರವ್ವಾ," ಎಂದೆ. "ನಾನು. ನಾನ ತಡಾ ಮಾಡಿದ್ದು."

"ಬಿಡೋ ಚೇತು," ಅಂದಳು ಅಮ್ಮ.

"ಯಾಕ ಮಾಡಿದಿ?"

"ನೀ ಬಂದ್ರ ಅಮ್ಮ ನನ್ನ ಮರೀತಾಳ ಅಂತ."

ಅವಳು ಇದನ್ನು ಯೋಚಿಸಿದಳು. ಆಮೇಲೆ ಅಮ್ಮನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಅವ್ವಾ, ಮರತಿಯೇನು?"

ಅಮ್ಮ ಇಲ್ಲ ಎಂದು ತಲೆಯಾಡಿಸಿದಳು.

"ಮರತಿಲ್ಲಂತ," ಎಂದು ಗೌರವ್ವ ನನಗೆ ವರದಿ ಒಪ್ಪಿಸಿದಳು. "ಇನ್ನೊಮ್ಮೆ ಹಂಗ ಮಾಡಬ್ಯಾಡ."

ಸಿಗ್ನಲ್ ಯಾವಾಗಲೋ ಹಸಿರಾಗಿತ್ತು. ಹಿಂದಿನ ಕಾರಿನವನು ಹಾರ್ನ್ ಒತ್ತುತ್ತಿದ್ದ.

"ಮಾಡಂಗಿಲ್ಲ," ಎಂದೆ.

"ಮತ್ತ ಯಾಕ ನಿಂತಿ? ನಡಿ ಮನೀಗೆ."